ಒಂದು ಫೋರ್ಕನ್ನು ಎರಡು ಸಲ ಬದಲಿಸಿದ್ದು

ಟೀಚರ್ ತಮ್ಮ ಸೈಕಲ್ಲನ್ನು ನನ್ನ ಅಂಗಡಿಯ ಕಂಬಕ್ಕೆ ಒರಗಿಸಿ, ಬ್ಯಾಗಿನಿಂದ ಒಂದು ಹಾಳೆ ತೆಗೆದು ಕೈಗೆ ಕೊಟ್ಟರು. ನೋಟ್‌ಬುಕ್ಕಿನಿಂದ ಹರಿದ ರೂಲ್ ಹಾಳೆ. ಅದರಲ್ಲಿ ದುಂಡಗಿನ ಅಕ್ಷರದ ಹನ್ನೊಂದು ಸಾಮಾನುಗಳ ಪಟ್ಟಿ: ಕಾರ್ಬನ್ ಚಕ್ರ, ಹಗುರವಾದ ಹ್ಯಾಂಡಲ್, ದಾರಿ ತೋರಿಸುವ ಮೀಟರು, ಸ್ಪ್ರಿಂಗ್ ಇರುವ ಸೀಟ್ ಪೈಪು, ಹೀಗೆ.

"ಇದೆಲ್ಲ ಇಂಟರ್ನೆಟ್ಟಲ್ಲಿ ನೋಡಿ ಬರ್ಕೊಂಡಿದ್ದು ಅಕ್ಕ," ಎಂದರು. "ನನ್ನತ್ರ ಇರೋದು ಇಪ್ಪತ್ತೈದು ಸಾವ್ರ. ಅದ್ರಲ್ಲಿ ಯಾವ್ದು ಹಾಕ್ಸಿದ್ರೆ ಪ್ರಯೋಜ್ನ, ಯಾವ್ದು ಬರೀ ಶೋಕಿ, ನೀವೇ ಹೇಳ್ಬುಡಿ."

ಅವರು ಬುಕ್ಕಾಪಟ್ಟಣದ ಹತ್ತಿರದ ಸರ್ಕಾರಿ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದರು. ವಯಸ್ಸು ಮೂವತ್ತನಾಲ್ಕು. ಕಾಲೇಜಿನಲ್ಲಿದ್ದಾಗ ಯಾರದೋ ಸೈಕಲ್ ಕೇಳಿ ಪಡೆದು ಜಿಲ್ಲಾ ಮಟ್ಟದ ರೇಸಿಗೆ ಹೋಗಿದ್ದರಂತೆ. ಆಮೇಲೆ ಮದುವೆ, ಮಗಳು, ಕೆಲಸ. ಈಗ ಹನ್ನೆರಡು ವರ್ಷದ ಮೇಲೆ ಬೆಂಗಳೂರಿನಿಂದ ಒಂದು ಹಳೆಯ ಗ್ರಾವೆಲ್ ಬೈಕ್ ತಂದಿದ್ದರು. ರೇಸ್ ಸೈಕಲ್ಲಿನ ಹಾಗೆ ಬಾಗಿದ ಹ್ಯಾಂಡಲ್, ಆದರೆ ಮಣ್ಣು ಜಲ್ಲಿಯ ದಾರಿಗೆ ಒಗ್ಗುವ ಅಗಲವಾದ ಟೈರು, ಡಿಸ್ಕ್ ಬ್ರೇಕು. ಆರು ವಾರದಲ್ಲಿ ಸೈಕಲ್ ಸವಾರರ ಗುಂಪೊಂದು ನಮ್ಮ ಸೀಮೆಯಲ್ಲಿ ಮಣ್ಣುದಾರಿಯ ಸವಾರಿ ಇಟ್ಟುಕೊಂಡಿತ್ತು. ಪಾವಗಡದ ಬಲಸಮುದ್ರದಲ್ಲಿ ಹೊರಟು, ಮಧುಗಿರಿ ಕಡೆಯ ಬಂಡಿಜಾಡುಗಳನ್ನು ಹಾದು, ಕೊರಟಗೆರೆಯ ಸಿದ್ದರಬೆಟ್ಟದ ಬುಡದಲ್ಲಿ ಮುಗಿಯುವ ನೂರಿಪ್ಪತ್ತು ಕಿಲೋಮೀಟರು. ಒಂಬತ್ತು ಗಂಟೆಯೊಳಗೆ ಮುಗಿಸಬೇಕು. ಟೀಚರ್ ಹೆಸರು ಕೊಟ್ಟಾಗಿತ್ತು. ಮಧುಗಿರಿಯಲ್ಲಿ ಡಿಸ್ಕ್ ಬ್ರೇಕಿಗೆ ಕೈಹಾಕುವ ಹೆಂಗಸೊಬ್ಬಳಿದ್ದಾಳೆ ಎಂದು ಯಾರೋ ಹೇಳಿದ್ದರಿಂದ ನನ್ನ ಬಳಿ ಬಂದಿದ್ದರು.

ನಾನು ಪಟ್ಟಿಯನ್ನು ಮಡಿಸಿ ಸ್ಪ್ಯಾನರ್ ಡಬ್ಬದ ಕೆಳಗಿಟ್ಟೆ.

"ಇದು ಇರ್ಲಿ ಕಣಮ್ಮ. ಓಡ್ಸುವಾಗ ಎಲ್ಲಿ ಕಷ್ಟ ಆಯ್ತದೆ, ಅದ ಹೇಳಿ ಮೊದ್ಲು."

ಅವರು ಯೋಚಿಸಿ ಒಂದೊಂದಾಗಿ ಹೇಳಿದರು. ಬುಕ್ಕಾಪಟ್ಟಣದ ಕುರುಚಲು ಕಾಡಿನ ಅಂಚಿನಲ್ಲಿ ಹೋದರೆ ಜಾಲಿಮುಳ್ಳಿನಿಂದ ಒಂದೇ ಬೆಳಿಗ್ಗೆ ಮೂರು ಪಂಕ್ಚರ್. ಏರು ಬಂದರೆ ಇಳಿದು ತಳ್ಳಬೇಕು. ಇಳಿಜಾರಿನಲ್ಲಿ ಬ್ರೇಕ್ ಹಿಡಿ ಹ್ಯಾಂಡಲ್ಲಿಗೆ ತಾಗುವಷ್ಟು ಒತ್ತಿದರೂ ಸೈಕಲ್ ನಿಲ್ಲುವುದಿಲ್ಲ. ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ಅಂಗೈ ಮರಗಟ್ಟುತ್ತದೆ.

ಕೇಳಿದ ಮೇಲೆ ಕೆಲಸ ಸುಲಭವಾಗಿಯೇ ಕಂಡಿತು. ಮೊದಲು ಟೈರು, ಅದೂ ಟ್ಯೂಬ್ ಇಲ್ಲದ್ದು. ಒಳಗೆ ಹಾಲಿನಂಥ ದ್ರವ ಹಾಕಿದರೆ ಮುಳ್ಳು ಚುಚ್ಚಿದ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಎರಡನೆಯದು ಹಿಂದಿನ ಹಲ್ಲುಚಕ್ರಗಳ ಗೊಂಚಲು. ಅದರ ದೊಡ್ಡ ಚಕ್ರಕ್ಕೆ ಮೂವತ್ತೆರಡೇ ಹಲ್ಲು ಇತ್ತು, ನಲವತ್ತು ಹಲ್ಲಿನದು ಹಾಕಿದರೆ ಏರನ್ನು ಕೂತೇ ಹತ್ತಬಹುದು. ಬ್ರೇಕಿಗೆ ಹೊಸ ಕ್ಯಾಲಿಪರ್ ಬೇಡ. ಒಳ್ಳೆಯ ಪ್ಯಾಡು, ಹೊಸ ತಂತಿ, ಒತ್ತಿದರೆ ಕುಗ್ಗದ ಗಟ್ಟಿ ಕವಚ ಸಾಕು. ಅಂಗೈಗೆ ದಪ್ಪನೆಯ ಹ್ಯಾಂಡಲ್ ಟೇಪು. ಹಗುರ ಚಕ್ರ, ಮೀಟರು ಯಾವುದೂ ಬೇಕಿಲ್ಲ. ಎಲ್ಲ ಸೇರಿ ಅವರು ತಂದಿದ್ದರಲ್ಲಿ ಮೂರರಲ್ಲಿ ಎರಡು ಪಾಲಿನೊಳಗೆ ಮುಗಿಯುತ್ತಿತ್ತು.

ಅಲ್ಲಿಗೇ ನಿಲ್ಲಿಸಬೇಕಿತ್ತು. ಉಳಿದ ದುಡ್ಡಿಗೆ ದಾರಿ ತೋರಿಸಿದವಳು ನಾನೇ.

"ಅಂಗೈ ನೋವಿಗೆ ಇನ್ನೊಂದೈತೆ," ಎಂದೆ. "ಈ ಮುಂದಿನ ಫೋರ್ಕು ಉಕ್ಕಿಂದು. ಭಾರ. ಕಾರ್ಬನ್ ಫೋರ್ಕ್ ಹಾಕಿದ್ರೆ ಅಲುಗಾಟ ಎಲ್ಲ ಅದೇ ಕುಡ್ಕೊಂಡ್ಬುಡ್ತದೆ. ಹೊಸದಾದ್ರೆ ಕೈಗೆಟುಕಲ್ಲ. ಹಳೇದು ನೋಡಾಣ."

ಫೋರ್ಕು ಎಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಕವೆ. ಅದರ ಕತ್ತು, ಒಂದು ಕೊಳವೆ, ಸೈಕಲ್ಲಿನ ತಲೆಯೊಳಗೆ ಹಾದು ಮೇಲೆ ಬಂದು ಹ್ಯಾಂಡಲ್ಲನ್ನು ಹೊರುತ್ತದೆ. ನಾನು ಅದುವರೆಗೆ ಕಾರ್ಬನ್ ಫೋರ್ಕನ್ನು ವಿಡಿಯೊದಲ್ಲಿ ಬಿಟ್ಟರೆ ಕೈಯಲ್ಲಿ ಹಿಡಿದವಳಲ್ಲ. ಹಿಡಿಯಬೇಕೆಂಬ ಆಸೆ ಮಾತ್ರ ಬಹಳ ದಿನದಿಂದ ಇತ್ತು. ಟೀಚರ ಅಂಗೈ ನೋವು ಅದಕ್ಕೊಂದು ನೆಪವಾಯಿತು. ಈಗ ಹೀಗೆ ಬರೆಯಬಲ್ಲೆ. ಆಗ ಒಳ್ಳೆಯ ಸಲಹೆ ಕೊಡುತ್ತಿದ್ದೇನೆಂದೇ ನಂಬಿದ್ದೆ.

ಸಾಮಾನು ಬರಲು ಹತ್ತು ದಿನ ಹಿಡಿಯಿತು. ಟೈರಿನ ಕೆಲಸವೇ ಮೊದಲು ಕೈಕೊಟ್ಟಿತು. ಚಕ್ರದ ರಿಮ್ಮಿಗೆ ಒಳಗಿನಿಂದ ಟೇಪು ಸುತ್ತಿ, ಟೈರು ಕೂರಿಸಿ, ಕೈಪಂಪಿನಲ್ಲಿ ಎಷ್ಟು ಹೊಡೆದರೂ ಅಂಚು ಕಚ್ಚಿಕೊಳ್ಳಲಿಲ್ಲ. ಹಾಲು ಸೋರಿ ಅಂಗಡಿಯ ಮೆಟ್ಟಿಲೆಲ್ಲ ಬೆಳ್ಳಗಾಯಿತು. ಕೊನೆಗೆ ಎರಡು ಚಕ್ರವನ್ನೂ ಹೊತ್ತುಕೊಂಡು ಶಿರಾ ರಸ್ತೆಯ ಲಾರಿ ಪಂಕ್ಚರ್ ಅಂಗಡಿಗೆ ಹೋಗಿ ಕಂಪ್ರೆಸರ್ ಗಾಳಿ ಹಿಡಿಸಿದೆ. ಪಟಾಕಿಯಂತೆ ಸದ್ದು ಮಾಡಿ ಅಂಚು ಕೂತಿತು. ನಲವತ್ತು ಹಲ್ಲಿನ ಗೊಂಚಲಿಗೆ ಹಳೆಯ ಗೇರಿನ ತೋಳು ನಿಲುಕಲಿಲ್ಲ. ಸಣ್ಣದೊಂದು ಕೊಂಡಿ ತರಿಸಿ ತೋಳನ್ನು ಕೆಳಗಿಳಿಸಿದ ಮೇಲೆ ಸರಿಹೋಯಿತು. ಬ್ರೇಕು ಒಂದೇ ಸಂಜೆಯ ಕೆಲಸ.

ಫೋರ್ಕು ಬೆಂಗಳೂರಿನ ಒಬ್ಬ ಎಂಜಿನಿಯರಿಂದ ಬಂತು. ಸೈಕಲ್ ಬದಲಿಸಿದ್ದರಿಂದ ಮಾರುತ್ತಿರುವುದಾಗಿ ಹೇಳಿದ್ದರು. ಬಬಲ್ ಹಾಳೆ ಬಿಚ್ಚಿ ಕೈಗೆತ್ತಿಕೊಂಡಾಗ ಒಣಗಿದ ಸೋರೆಬುರುಡೆಯಷ್ಟು ಹಗುರವಾಗಿತ್ತು. ಕತ್ತಿನ ಕೊಳವೆಯ ಮೇಲೆ ಹಳೆಯ ಹ್ಯಾಂಡಲ್ ಕಚ್ಚಿದ ಗುರುತು, ಉಂಗುರದ ಹಾಗೆ. ವಿಡಿಯೊದಲ್ಲಿ ಹೇಳಿದಂತೆಯೇ ಮಾಡಿದೆ. ಹ್ಯಾಂಡಲ್ ಬಿಗಿದಾಗ ಕೊಳವೆ ಜಜ್ಜದಂತೆ ಅದರೊಳಗೆ ಹಿಗ್ಗುವ ಬೆಣೆ ಕೂರಿಸಿ, ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರಿನಲ್ಲಿ ಎಷ್ಟು ಬೇಕೋ ಅಷ್ಟೇ ತಿರುಗಿಸಿದೆ. ತೆಗೆದ ಉಕ್ಕಿನ ಫೋರ್ಕನ್ನು ಶಿರಾದ ಹಳೇ ಸೈಕಲ್ ಸಾಮಾನಿನ ಚಾಚಾಗೆ ಕಳಿಸಿ, ಬದಲಿಗೆ ಟೀಚರಿಗೆ ಒಂದು ಜೊತೆ ಒಳ್ಳೆಯ ಪೆಡಲ್ ತರಿಸಿಕೊಂಡೆ. ಬೇಡದ್ದು ಕೊಟ್ಟು ಬೇಕಾದ್ದು ತಂದೆನೆಂಬ ಹೆಮ್ಮೆಯಿತ್ತು.

ಟೀಚರ್ ಸೈಕಲ್ ಒಯ್ದ ಮರುದಿನವೇ ಫೋನ್ ಮಾಡಿದರು. "ಅಕ್ಕ, ಇದು ನನ್ ಸೈಕಲ್ಲೇನಾ ಅನ್ನಂಗಾಗೈತೆ. ನಮ್ಮೂರ ಏರು ಕೂತ್ಕಂಡೇ ಹತ್ಬುಟ್ಟೆ!"

ಎರಡು ವಾರ ಹಾಗೇ ಹೋಯಿತು. ಮೂರನೆಯ ವಾರ ಅವರು ಮತ್ತೆ ಫೋನ್ ಮಾಡಿದಾಗ ದನಿ ಬೇರೆಯಾಗಿತ್ತು.

"ಎದ್ದು ನಿಂತು ತುಳಿದಾಗ ಏನೋ ಟಿಕ್ ಅಂತದೆ ಅಕ್ಕ. ಕೂತ್ರೆ ಇಲ್ಲ."

ಸೈಕಲ್ಲಿನ ಸದ್ದು ಹುಡುಕುವುದು ನನ್ನ ಕೆಲಸದಲ್ಲೇ ಬೇಸರದ ಕೆಲಸ. ಲೋಹದ ಕೊಳವೆಗಳಲ್ಲಿ ಸದ್ದು ಓಡಾಡುತ್ತದೆ. ಹಿಂದೆ ಹುಟ್ಟಿದ್ದು ಮುಂದೆ ಕೇಳಿಸುತ್ತದೆ. ಭಾನುವಾರ ಟೀಚರ್ ಬಂದಾಗ ಒಂದೊಂದೇ ಅನುಮಾನ ಬಗೆಹರಿಸುತ್ತ ಹೋದೆ. ಪೆಡಲ್ ಬಿಚ್ಚಿ ಗ್ರೀಸ್ ಹಚ್ಚಿ ಹಾಕಿದೆ, ಸದ್ದು ಹೋಗಲಿಲ್ಲ. ಪೆಡಲ್ ತಿರುಗುವ ಅಚ್ಚಿನ ಬೇರಿಂಗ್ ಬಿಗಿ ನೋಡಿದೆ, ಅದಲ್ಲ. ಸೀಟ್ ಪೈಪ್ ಅಲ್ಲ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿದಾಗ ಟಿಕ್ ಎಂದಿತು. ಅಂದರೆ ತಲೆಯ ಹತ್ತಿರ. ಮೇಲಿನ ಬೇರಿಂಗಿಗೆ ಗ್ರೀಸ್ ತುಂಬಿ ಮುಚ್ಚಿದೆ. ಸದ್ದು ನಿಂತಿತು.

"ದೂಳು ಕಣಮ್ಮ," ಎಂದೆ. "ನಿಮ್ ಕಡೆ ದೂಳು ಜಾಸ್ತಿ. ಏನೂ ಆಗಿಲ್ಲ, ಧೈರ್ಯವಾಗಿ ಓಡ್ಸಿ."

ಅವರು ನಂಬಿ ಹೋದರು. ನನಗೆ ಮಾತ್ರ ನಂಬಿಕೆ ಪೂರ್ತಿ ಕೂತಿರಲಿಲ್ಲ. ಸದ್ದು ನಿಂತಿತ್ತು, ಸರಿ. ಯಾಕೆ ಬಂತೆಂದು ಗೊತ್ತಾಗಿರಲಿಲ್ಲ. ಅನ್ನಕ್ಕೆ ಅಕ್ಕಿ ಹಾಕುವಾಗ, ಬೇರೆಯವರ ಸೈಕಲ್ ಚೈನ್ ತೊಳೆಯುವಾಗ ಆ ಟಿಕ್ ಕಿವಿಯಲ್ಲಿ ಬರುತ್ತಿತ್ತು. ಸವಾರಿಗೆ ಒಂದು ವಾರ ಉಳಿದಿತ್ತು. ಬುಧವಾರ ನಾನೇ ಫೋನ್ ಮಾಡಿ ಕೇಳಿದೆ.

"ನಿನ್ನೆಯಿಂದ ಮತ್ತೆ ಸುರುವಾಗೈತೆ ಅಕ್ಕ. ದೂಳು ಅಂದ್ರಲ್ಲ, ಅದ್ಕೇ ಸುಮ್ನಾದೆ."

"ಇವತ್ತೇ ಬಸ್ಸಿಗೆ ಹಾಕಿ ಕಳ್ಸಿ. ಓಡ್ಸಬೇಡಿ. ಮನೆ ಸುತ್ತಲೂ ಬ್ಯಾಡ," ಎಂದೆ.

ಗುರುವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದವಳು ಬೇರೆ ಯಾವ ಕೆಲಸಕ್ಕೂ ಕೈಹಾಕಲಿಲ್ಲ. ಹ್ಯಾಂಡಲ್ ಬಿಚ್ಚಿ, ಬ್ರೇಕಿನ ತಂತಿ ತಪ್ಪಿಸಿ, ಫೋರ್ಕನ್ನು ಪೂರ್ತಿ ಕೆಳಗೆ ಎಳೆದುಕೊಂಡೆ. ಮೊದಲ ಸಲ ಸದ್ದು ಹುಡುಕುವಾಗ ಇದೊಂದನ್ನು ಮಾಡಿರಲಿಲ್ಲ. ಸೋಮಾರಿತನಕ್ಕಲ್ಲ, ಅಂಜಿಕೆಗೆ. ನಾನು ಕೂರಿಸಿದ್ದರಲ್ಲಿ ತಪ್ಪು ಸಿಕ್ಕಿಬಿಟ್ಟರೆ ಎಂಬ ಅಂಜಿಕೆ.

ಹಳೆಯ ಪಂಚೆಯ ಚೂರಿನಿಂದ ಕತ್ತಿನ ಕೊಳವೆಯ ಗ್ರೀಸ್ ಒರೆಸತೊಡಗಿದೆ. ಉಂಗುರದ ಗುರುತಿನ ಹತ್ತಿರ ಬಟ್ಟೆ ಸಿಕ್ಕಿಕೊಂಡಿತು. ಎಳೆದರೆ ಒಂದು ನೂಲು ಕಿತ್ತು ಕೊಳವೆಯ ಮೈಗೆ ಅಂಟಿ ನಿಂತಿತು. ಬಿಸಿಲಿಗೆ ಹಿಡಿದು ನೋಡಿದೆ. ಗುರುತಿನ ಕೆಳಗೆ, ಕೂದಲಿಗಿಂತ ತೆಳ್ಳಗೆ, ಎರಡು ಬೆರಳಗಲದಷ್ಟು ಉದ್ದದ ಒಂದು ಗೆರೆ. ರೂಪಾಯಿ ನಾಣ್ಯದಿಂದ ಕೊಳವೆಯನ್ನು ಸುತ್ತಲೂ ತಟ್ಟುತ್ತ ಬಂದೆ. ಬೇರೆ ಕಡೆ ಟಣ್ ಟಣ್ ಎನ್ನುತ್ತಿದ್ದದ್ದು ಗೆರೆಯ ಹತ್ತಿರ ಮಂಕಾಗಿ ಡಬ್ ಎಂದಿತು. ನಾಲ್ಕು ಸಲ ತಟ್ಟಿದೆ. ನಾಲ್ಕು ಸಲವೂ ಹಾಗೇ.

ಫೋರ್ಕನ್ನು ಮೆಲ್ಲಗೆ ಬಟ್ಟೆಯ ಮೇಲೆ ಮಲಗಿಸಿದೆ.

ಕಾರ್ಬನ್ ಬಗ್ಗೆ ಓದಿದ್ದರಲ್ಲಿ ಒಂದು ಮಾತು ಎಲ್ಲ ಕಡೆ ಇತ್ತು. ಉಕ್ಕಾದರೆ ಮುರಿಯುವ ಮೊದಲು ಬಾಗುತ್ತದೆ. ಕಾರ್ಬನ್ ಬಾಗುವುದಿಲ್ಲ, ಇದ್ದಕ್ಕಿದ್ದಂತೆ ಹೋಗುತ್ತದೆ. ಇಳಿಜಾರಿನಲ್ಲಿ ಹೋದರೆ ಹ್ಯಾಂಡಲ್ ಕೈಯಲ್ಲೇ ಇರುತ್ತದೆ, ಚಕ್ರ ಕಳಚಿಕೊಳ್ಳುತ್ತದೆ.

ಆದರೆ ಅದು ಬಿರುಕೇ ಎಂದು ಹೇಳುವವರು ಯಾರು? ಮೇಲಿನ ಬಣ್ಣ ಮಾತ್ರ ಗೀರಿರಬಹುದು. ಬೆಂಗಳೂರಿನಲ್ಲಿ ಕಾರ್ಬನ್ ರಿಪೇರಿ ಮಾಡುವ ಒಬ್ಬರಿಗೆ ಫೋಟೊ ಕಳಿಸಿದೆ. ಅವರು ನೇರವಾಗಿಯೇ ಹೇಳಿದರು: "ಫೋಟೊ ನೋಡಿ ಹೇಳೋಕಾಗಲ್ಲ ಮೇಡಂ. ಕಳಿಸಿಕೊಡಿ, ಒಂದು ವಾರ ಬೇಕು." ಸವಾರಿ ಇದ್ದದ್ದು ಭಾನುವಾರ.

ಮಧ್ಯಾಹ್ನ ಊಟಕ್ಕೆ ಬಂದ ನನ್ನ ಗಂಡನಿಗೆ ತೋರಿಸಿದೆ. ಅವನು ಗೂಡ್ಸ್ ಆಟೊ ಓಡಿಸುತ್ತಾನೆ. ಕೊಳವೆಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇದೇನು, ಒಂದ್ ಗೀರು. ಇಷ್ಟ್ ದಿನ ಓಡಿಲ್ವಾ? ಭಾನುವಾರ ಒಂದಿನ ಓಡಲ್ವಾ? ಬಣ್ಣ ಹೋಗೈತೆ ಕಣೆ, ಅಷ್ಟೇ."

"ಅಷ್ಟೇ ಅಂತ ನಿಂಗೆ ಗೊತ್ತಾ?"

"ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ," ಎಂದೆ.

ಹೇಳಿದ ಮೇಲೆ ಆ ಮಾತೇ ನನ್ನನ್ನು ಹಿಡಿದು ನಿಲ್ಲಿಸಿತು. ಬೆಳಿಗ್ಗೆಯಿಂದ ನಾನು ಹುಡುಕುತ್ತಿದ್ದದ್ದು ಅದು ಬಿರುಕಲ್ಲ ಎನ್ನಲು ಒಂದು ಕಾರಣ. ಬಿರುಕು ಎಂದು ಖಾತ್ರಿಯಾಗುವ ತನಕ ಕಾಯುವ ಅಗತ್ಯವೇ ಇರಲಿಲ್ಲ. ಗಟ್ಟಿಯಿದೆ ಎಂದು ನಾನು ಹೇಳಲಾರೆ, ಅಷ್ಟು ಸಾಕು. ಆ ಫೋರ್ಕು ಮತ್ತೆ ಆ ಸೈಕಲ್ಲಿಗೆ ಹೋಗುವುದಿಲ್ಲ. ತೀರ್ಮಾನ ಮಾಡಿದ ಮೇಲೆ ಗಂಡ ಜಗಳ ಆಡಲಿಲ್ಲ. "ಹಳೇ ಫೋರ್ಕು ಎಲ್ಲೈತೆ?" ಎಂದಷ್ಟೇ ಕೇಳಿದ.

ಹಳೆಯದು ಶಿರಾದಲ್ಲಿತ್ತು. ಇದೆಯೋ ಇಲ್ಲವೋ ಗೊತ್ತಿರಲಿಲ್ಲ. ಚಾಚಾ ಫೋನ್ ಎತ್ತಲಿಲ್ಲ. ಟೀಚರಿಗೆ ಹೇಳಬೇಕಿತ್ತು. ಆ ಮಾತನ್ನು ಫೋನಿನಲ್ಲಿ ಹೇಳಲು ಮನಸ್ಸು ಒಪ್ಪಲಿಲ್ಲ. ಶುಕ್ರವಾರ ಬೆಳಿಗ್ಗೆ ಗಂಡನ ಆಟೊದಲ್ಲಿ ಶಿರಾ ದಾಟಿ ಬುಕ್ಕಾಪಟ್ಟಣದ ಕಡೆಗೆ ಹೋದೆವು. ಶಾಲೆಯಲ್ಲಿ ಬಿಸಿಯೂಟದ ಹೊತ್ತು. ಟೀಚರ್ ಕೈಯಲ್ಲಿ ಸೌಟು ಹಿಡಿದೇ ಹೊರಗೆ ಬಂದರು. ನನ್ನನ್ನು ನೋಡಿದವರೇ ಸೈಕಲ್ ರೆಡಿಯಾಯ್ತು ಎಂದುಕೊಂಡು ನಕ್ಕರು.

ನಾನು ಫೋರ್ಕನ್ನು ಅವರ ಕೈಗೆ ಕೊಟ್ಟು ಉಗುರಿನಿಂದ ಆ ಗೆರೆಯನ್ನು ಮುಟ್ಟಿಸಿದೆ. ಎಲ್ಲವನ್ನೂ ಹೇಳಿದೆ. ಇದನ್ನು ಕೊಳ್ಳಿ ಎಂದವಳು ನಾನು. ದೂಳು ಎಂದವಳೂ ನಾನು. ಬಿಚ್ಚಿ ನೋಡದೆಯೇ ಹಾಗೆಂದೆ.

ಅವರು ತಾವೇ ಮತ್ತೊಮ್ಮೆ ಗೆರೆಯ ಮೇಲೆ ಉಗುರು ಆಡಿಸಿದರು.

"ಮಂಗಳವಾರ ಇದ್ರಲ್ಲಿ ನಾನು ಬೆಟ್ಟದ ಇಳಿಜಾರು ಇಳ್ದೆ," ಎಂದರು. "ಜೋರಾಗಿ. ನೀವು ಧೈರ್ಯವಾಗಿ ಓಡ್ಸಿ ಅಂದಿದ್ರಿ."

"ಅಂದಿದ್ದೆ," ಎಂದೆ.

"ಇನ್ನೇನೇನು ಮಾಡೀರಿ ಆ ಸೈಕಲ್ಲಿಗೆ? ಬ್ರೇಕೂ ನೀವೇ ಹಾಕಿದ್ದು. ಟೈರೂ ನೀವೇ. ಅದನ್ನೆಲ್ಲ ಹೆಂಗೆ ನಂಬ್ಲಿ ಈಗ?"

"ನಂಬಬ್ಯಾಡಿ," ಎಂದೆ. "ನಾಳೆ ಬನ್ನಿ. ಎಲ್ಲ ನಿಮ್ಮೆದ್ರಿಗೇ ಬಿಚ್ತೀನಿ. ಒಂದೊಂದು ಬೋಲ್ಟೂ ನೀವೇ ಬಿಗೀರಿ, ನಾನು ಬರೀ ತೋರಿಸ್ತೀನಿ."

ಅವರು ಫೋರ್ಕನ್ನು ನನ್ನ ಕೈಗೆ ವಾಪಸ್ ಇಟ್ಟರು. ಸಾಲಿನಲ್ಲಿ ಮಕ್ಕಳು ಕೂಗುತ್ತಿದ್ದರು. ಸೌಟು ಹಿಡಿದು ಒಳಗೆ ಹೋದರು.

ವಾಪಸ್ ಬರುವಾಗ ಶಿರಾದಲ್ಲಿ ಚಾಚಾ ಅಂಗಡಿ ಮುಂದೆ ಆಟೊ ನಿಲ್ಲಿಸಿದೆವು. ಎಪ್ಪತ್ತು ದಾಟಿದ ಮನುಷ್ಯ, ಕನ್ನಡಕದ ಒಂದು ಕಡ್ಡಿಗೆ ಸೈಕಲ್ ಸ್ಪೋಕ್ ತಂತಿ ಸುತ್ತಿಕೊಂಡಿರುತ್ತಾರೆ. ನನ್ನ ಮಾತು ಕೇಳಿ ತಲೆ ಚಚ್ಚಿಕೊಂಡರು.

"ಅರೆ ಬೇಟಿ, ಒಂದಿನ ಮುಂಚೆ ಬರೋದಲ್ವಾ? ನಿನ್ನೆ ತಾನೆ ಅದರ ಕತ್ತು ಕತ್ತರಿಸ್ದೆ. ಕಾಲೇಜು ಲೆಕ್ಚರರ್ ಒಬ್ರ ಸೈಕಲ್ಲಿಗೆ ಉದ್ದ ಆಗಿತ್ತು."

ಒಳಗಿನಿಂದ ಫೋರ್ಕನ್ನು ತಂದರು. ಕೊಳವೆಯ ತುದಿ ಹೊಸದಾಗಿ ಕೊಯ್ದು ಹೊಳೆಯುತ್ತಿತ್ತು. ಮೂರು ಸೆಂಟಿಮೀಟರ್ ಹೋಗಿತ್ತು. ಟೀಚರ ಸೈಕಲ್ಲಿನಲ್ಲಿ ಹ್ಯಾಂಡಲ್ಲಿನ ಕೆಳಗೆ ಮೂರು ಸೆಂಟಿಮೀಟರ್ ಎತ್ತರದ ಉಂಗುರಗಳಿದ್ದವು. ಅವನ್ನೆಲ್ಲ ತೆಗೆದರೆ ಲೆಕ್ಕ ಸರಿಹೋಗಬೇಕು. ಕಚ್ಚುವ ಭಾಗದಲ್ಲಿ ಇರಬೇಕಾದ್ದಕ್ಕಿಂತ ಎರಡು ಮಿಲಿಮೀಟರ್ ಕಡಿಮೆಯಾದರೂ ಹ್ಯಾಂಡಲ್ ಪೂರ್ತಿ ಹಿಡಿಯುವುದಿಲ್ಲ. ಅಳತೆ ಪಟ್ಟಿ ಅಂಗಡಿಯಲ್ಲೇ ಬಿಟ್ಟು ಬಂದಿದ್ದೆ. ಚಾಚಾ ತಮ್ಮದನ್ನು ಕೊಟ್ಟರು. ಆಟೊದಲ್ಲಿದ್ದ ಕಾರ್ಬನ್ ಫೋರ್ಕನ್ನು ಪಕ್ಕಕ್ಕಿಟ್ಟು ಮೂರು ಸಲ ಅಳೆದೆ. ಆಮೇಲೆ ಅವರೂ ಒಂದು ಸಲ ಅಳೆದರು.

"ಆಗ್ತದೆ," ಎಂದರು. "ಕೂದಲೆಳೆ, ಆದ್ರೂ ಆಗ್ತದೆ."

"ಆ ಲೆಕ್ಚರರ್‌ಗೆ ಏನ್ ಹೇಳ್ತೀರಾ?"

"ಜಾನ್ ಕಾ ಸವಾಲ್ ಹೈ ಬೇಟಿ. ಪ್ರಾಣದ ಮಾತು. ಅವರಿಗೆ ಬೇರೆ ಹುಡುಕ್ತೀನಿ." ಪೆಡಲ್ ವಾಪಸ್ ತರುತ್ತೇನೆ ಎಂದರೆ ಕೈಬೀಸಿ ಬೇಡವೆಂದರು.

ಶನಿವಾರ ಮಧ್ಯಾಹ್ನದವರೆಗೂ ಟೀಚರ್ ಬರಲಿಲ್ಲ. ಶನಿವಾರ ಶಾಲೆ ಅರ್ಧ ದಿನ; ಬಸ್ಸು ಹಿಡಿದು ಶಿರಾಕ್ಕೆ, ಅಲ್ಲಿಂದ ಮಧುಗಿರಿಗೆ ಬರಬೇಕು. ಬರುವುದೇ ಇಲ್ಲವೇನೋ, ಸವಾರಿಯನ್ನೇ ಬಿಟ್ಟರೇನೋ ಎಂದು ರಸ್ತೆ ನೋಡುತ್ತ ಕೂತಿದ್ದೆ. ಆಗ ಫೋರ್ಕು ಮಾರಿದ ಎಂಜಿನಿಯರ್ ಫೋನ್ ಮಾಡಿದರು. ಹಿಂದಿನ ದಿನ ಫೋಟೊ ಕಳಿಸಿ, ಹೀಗಾಗಿದೆ ಎಂದಷ್ಟೇ ಬರೆದಿದ್ದೆ. ಜಗಳಕ್ಕೆ ಬರುತ್ತಾರೆ, ನೀನೇ ಜಾಸ್ತಿ ಬಿಗಿದು ಸೀಳಿದೆ ಎನ್ನುತ್ತಾರೆ ಎಂದು ಉತ್ತರ ಜೋಡಿಸಿಕೊಂಡಿದ್ದೆ.

"ಬೆಣೆ ಹಾಕದೆ ಬಿಗಿದಿದ್ದು ನಾನೇ ಇರಬೇಕು," ಎಂದರು ಅವರು. "ಕಾರ್ಬನ್‌ಗೆ ಬೆಣೆ ಹಾಕಬೇಕು ಅಂತ ನನಗೆ ತಡವಾಗಿ ಗೊತ್ತಾಯಿತು. ಆಗ ಏನೂ ಆಗಿಲ್ಲ ಅಂದುಕೊಂಡೆ." ಆಮೇಲೆ ಹೇಳಿದರು: "ಮಾರುವ ಮುಂಚೆ ಒಂದು ವರ್ಷ ಆ ಸೈಕಲ್ಲನ್ನ ನನ್ನ ಮಗಳು ಓಡಿಸ್ತಿದ್ದಳು."

ದುಡ್ಡು ವಾಪಸ್ ಹಾಕುತ್ತೇನೆಂದರು. ಟೀಚರ ಹೆಸರಿಗೆ ಹಾಕಿ ಎಂದೆ. ಫೋನ್ ಇಟ್ಟ ಮೇಲೆ ಅವರ ಮಗಳ ಮುಖ ಹೇಗಿರಬಹುದೆಂದು ಯೋಚನೆ ಬಂತು.

ಬೆಟ್ಟದ ನೆರಳು ಬೀದಿಗೆ ಬೀಳುವ ಹೊತ್ತಿಗೆ ಟೀಚರ್ ಬಂದರು. ಕೂದಲು ಬಿಗಿದು ಕಟ್ಟಿ, ಬ್ಯಾಗ್ ಇಟ್ಟು, ಸ್ಟೂಲ್ ಎಳೆದುಕೊಂಡು ನನ್ನ ಎದುರು ಕೂತರು.

"ತೋರ್ಸಿ," ಎಂದರು, ಅಷ್ಟೇ.

ಮೊದಲು ಕಾರ್ಬನ್ ಫೋರ್ಕಿನ ಬುಡದಲ್ಲಿ ಬೇರಿಂಗ್ ಕೂರುವ ಬಳೆಯನ್ನು ಬಿಡಿಸಿ ಉಕ್ಕಿನದಕ್ಕೆ ಹಾಕಬೇಕಿತ್ತು. ಟೀಚರೇ ಕಬ್ಬಿಣದ ಪೈಪನ್ನು ಮೇಲಿಟ್ಟು ಸುತ್ತಿಗೆಯಲ್ಲಿ ಬಡಿದು ಕೂರಿಸಿದರು. ನಾನು ಫೋರ್ಕು ಹಿಡಿದುಕೊಂಡಿದ್ದೆ. ಫೋರ್ಕನ್ನು ತಲೆಯೊಳಗೆ ಹಾಯಿಸಿ, ಉಂಗುರ ಒಂದನ್ನೂ ಹಾಕದೆ ಹ್ಯಾಂಡಲ್ಲನ್ನು ಕೊಳವೆಗೆ ಕಚ್ಚಿಸುವ ಕೊಂಡಿ ಕೂರಿಸಿದೆವು. ಕೊಳವೆಯ ತುದಿ ಕೊಂಡಿಯ ಅಂಚಿಗಿಂತ ಮೂರು ಮಿಲಿಮೀಟರ್ ಕೆಳಗಿತ್ತು. ಮೇಲಿನ ಮುಚ್ಚಳ ಬಿಗಿಯಲು ಅಷ್ಟು ಜಾಗ ಬೇಕೇ ಬೇಕು.

ಟೀಚರ್ ಹತ್ತಿ ಕೂತು ನೋಡಿದರು. ಹ್ಯಾಂಡಲ್ ತಗ್ಗಿತ್ತು, ಬೆನ್ನು ಬಿಲ್ಲಾಯಿತು.

"ಇಂಗೆ ನೂರಿಪ್ಪತ್ ಕಿಲೋಮೀಟರ್ ಆಗಲ್ಲ."

ಬೇರೆ ಕೊಂಡಿ ತರಿಸಲು ಸಮಯ ಇರಲಿಲ್ಲ. ಹಾಗೇ ನೋಡುತ್ತ ನಿಂತಾಗ ಕಂಡಿತು: ಕೊಂಡಿ ಕೆಳಮುಖವಾಗಿ ಓರೆಯಿತ್ತು. ಅದನ್ನೇ ಬಿಚ್ಚಿ ತಲೆಕೆಳಗು ಮಾಡಿ ಹಾಕಿಸಿದೆ. ಹ್ಯಾಂಡಲ್ ಎರಡು ಬೆರಳಿನಷ್ಟು ಮೇಲೆ ಬಂತು. ಕಾಸು ಖರ್ಚಿಲ್ಲದ ಬದಲಾವಣೆ. ಟೀಚರ್ ಮತ್ತೆ ಹತ್ತಿ ಕೂತರು, ಕೈ ಚಾಚಿ ನೋಡಿದರು.

"ಮುಂಚಿನಷ್ಟಿಲ್ಲ. ನಡೀತದೆ."

ಆಮೇಲೆ ಬ್ರೇಕು, ಟೈರು, ಗೇರು. ನಾನು ಹಾಕಿದ ಎಲ್ಲವನ್ನೂ ಅವರು ಬಿಚ್ಚಿ ನೋಡಿ ತಾವೇ ಬಿಗಿದರು. ಸ್ಪ್ಯಾನರ್ ಕ್ಲಿಕ್ ಎಂದಾಗಲೆಲ್ಲ "ಆಯ್ತಾ?" ಎಂದು ಕೇಳುತ್ತಿದ್ದರು. ಕೊನೆಕೊನೆಗೆ ಕೇಳುವುದನ್ನು ಬಿಟ್ಟರು, ಕೈಗೇ ಗೊತ್ತಾಗುತ್ತಿತ್ತು.

ಎಲ್ಲ ಮುಗಿದ ಮೇಲೆ ಕಾರ್ಬನ್ ಫೋರ್ಕು ಉಳಿಯಿತು. ಅಂಗಡಿಗೆ ಆಟೊ ತಂದು ನಿಲ್ಲಿಸಿದ ನನ್ನ ಗಂಡ, ಯಾರಾದರೂ ಅಂಟು ಹಾಕಿಸಿಕೊಂಡು ಬಳಸುತ್ತಾರೇನೋ ಎಂದ. ಟೀಚರ್ ಗೋಡೆಗೆ ನೇತುಹಾಕಿದ್ದ ಗರಗಸ ತೆಗೆದುಕೊಂಡರು. ಬೆಂಚಿಗೆ ಬಿಗಿದ ವೈಸಿನ ಇಕ್ಕಳದಲ್ಲಿ ಕತ್ತಿನ ಕೊಳವೆ ಸಿಕ್ಕಿಸಿ, ಗೆರೆಯ ಪಕ್ಕದಲ್ಲೇ ಕೊಯ್ದರು. ಕಪ್ಪು ಪುಡಿ ಉದುರಿತು. ತುಂಡನ್ನು ಬಲ್ಬಿನ ಬೆಳಕಿಗೆ ಹಿಡಿದೆ. ಹೊರಗೆ ಎರಡು ಬೆರಳಗಲ ಕಂಡ ಗೆರೆ ಒಳಗೆ ಅರ್ಧ ಸುತ್ತು ಹರಡಿತ್ತು. ಪದರ ಪದರ ಬಿಟ್ಟು, ಬೆಳ್ಳಗೆ.

ಗಂಡ ತುಂಡನ್ನು ಕೈಗೆ ತೆಗೆದುಕೊಂಡು ನೋಡಿ ಕೆಳಗಿಟ್ಟ. ಟೀಚರ್ ನೀರು ಕೇಳಿದರು. ಲೋಟ ಕೊಟ್ಟೆ. ಅರ್ಧ ಕುಡಿದು, ಇನ್ನರ್ಧದಲ್ಲಿ ಕೈ ತೊಳೆದರು.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ನಾವು ಬಲಸಮುದ್ರದಲ್ಲಿದ್ದೆವು. ಸೋಲಾರ್ ಫಲಕಗಳ ಸಾಲು ಕಣ್ಣು ಹೋಗುವವರೆಗೂ ಹಾಸಿತ್ತು. ಸವಾರರು ಎಪ್ಪತ್ತು ಎಂಬತ್ತು ಮಂದಿ. ಹೆಚ್ಚಿನವರ ಸೈಕಲ್ಲುಗಳು ಟೀಚರದ್ದಕ್ಕಿಂತ ಎಷ್ಟೋ ಹೆಚ್ಚು ಬೆಲೆಯವು. ಟೀ ಮಾರುತ್ತಿದ್ದ ಹೆಂಗಸೊಬ್ಬಳು ಟೀಚರನ್ನು ನೋಡಿ, ತೆಲುಗು ಬೆರೆಸಿ, "ಅಮ್ಮೋ, ಸಿದ್ದರಬೆಟ್ಟಂ ವರಕೂ ತುಳ್ಕೊಂಡೇ ಪೋತಾರಾ? ಬಸ್ಸು ಐತಲ್ಲಮ್ಮಾ!" ಎಂದು ಗಲ್ಲಕ್ಕೆ ಕೈಯಿಟ್ಟಳು. ಟೀಚರ್ ನಕ್ಕರು. ಶುಕ್ರವಾರದಿಂದೀಚೆಗೆ ಅವರು ನಕ್ಕಿದ್ದು ಆಗಲೇ. ಅದು ನನ್ನ ಕಡೆಗಲ್ಲ.

ಅವರು ಹೊರಟ ಮೇಲೆ ನಾವು ಆಟೊದಲ್ಲಿ ಡಾಂಬರ್ ರಸ್ತೆ ಹಿಡಿದೆವು. ಮಧುಗಿರಿಯ ಹತ್ತಿರದ ನೀರಿನ ತಾಣದಲ್ಲಿ ಕಾದೆ. ಟೀಚರ್ ಕೊನೆಯ ಗುಂಪಿಗಿಂತ ಸ್ವಲ್ಪ ಮುಂದೆ ಬಂದರು. ಟೈರಿನ ತುಂಬ ಜಾಲಿಮುಳ್ಳು ಚುಚ್ಚಿ, ಹಾಲು ಒಸರಿ ಒಣಗಿತ್ತು. ಗಾಳಿ ಇಳಿದಿರಲಿಲ್ಲ. ಬಾಟಲಿ ತುಂಬಿಸಿಕೊಂಡು ಹಾಗೇ ಹೊರಟರು.

ಸಿದ್ದರಬೆಟ್ಟಕ್ಕೆ ನಾಲ್ಕು ಕಿಲೋಮೀಟರ್ ಇರುವಾಗ ಒಂದು ಗುಡ್ಡದ ಬೆನ್ನಿನಿಂದ ಇಳಿಯುವ ಜಾಡಿದೆ. ಜಲ್ಲಿ, ಕೆಂಪುಮಣ್ಣು, ಅರ್ಧ ದಾರಿಯಲ್ಲಿ ಮಳೆನೀರು ಕೊರೆದ ಅಡ್ಡಗಾಲುವೆ. ನಾನು ಆ ಕಾಲುವೆಯ ಪಕ್ಕ ಕಲ್ಲಿನ ಮೇಲೆ ನಿಂತೆ. ಸವಾರರು ಬರುತ್ತಲೇ ಇದ್ದರು. ಕೆಲವರು ಇಳಿದು ದಾಟಿಸಿದರು. ಒಬ್ಬರು ಬಿದ್ದು ಮೊಣಕೈ ಸುಲಿದುಕೊಂಡರು. ಟೀಚರ್ ಹೊರಟು ಎಂಟೂವರೆ ಗಂಟೆಯಾಗಿತ್ತು. ಗಡುವಿಗೆ ಅರ್ಧ ಗಂಟೆ.

ಟೀಚರ್ ಮೇಲಿನ ತಿರುವಿನಲ್ಲಿ ಕಾಣಿಸಿದರು. ಬ್ರೇಕ್ ಹಿಡಿದು, ಬೆನ್ನು ಹಿಂದೆ ಸರಿಸಿ, ನಿಧಾನವಾಗಿಯೇ ಬರುತ್ತಿದ್ದರು. ಕಾಲುವೆ ಅವರಿಗೆ ಕಂಡದ್ದು ತಡವಾಗಿ. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಮುಂದಿನ ಚಕ್ರ ಎದುರು ದಂಡೆಗೆ ಧಡ್ ಎಂದು ಬಡಿಯಿತು. ಇಡೀ ಸೈಕಲ್ ನಡುಗಿತು. ಹ್ಯಾಂಡಲ್ ಒಮ್ಮೆ ಅಡ್ಡ ತಿರುಗಿ ಮತ್ತೆ ನೆಟ್ಟಗಾಯಿತು. ಉಕ್ಕಿನ ಫೋರ್ಕಿನ ಎರಡು ಕಾಲೂ ಸ್ಪ್ರಿಂಗಿನಂತೆ ಹಿಂದೆ ಬಾಗಿ ಮುಂದೆ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಚಕ್ರ ದಂಡೆ ಹತ್ತಿತು. ಅವರು ನನ್ನನ್ನು ದಾಟಿ ಕೆಳಗೆ ಹೋದರು. ದೂಳು ನನ್ನ ಮುಖಕ್ಕೆ ಬಂತು. ನಾನು ಕಲ್ಲಿನ ಮೇಲೆ ಕೂತುಬಿಟ್ಟೆ.

ನಾವು ಬೆಟ್ಟದ ಬುಡ ತಲುಪಿದಾಗ ಅವರು ಮುಗಿಸಿ ಆಗಿತ್ತು, ಗಡುವಿಗೆ ಹದಿಮೂರು ನಿಮಿಷ ಮುಂಚೆ. ಹಿಂದೆ ಉಳಿದವರು ಬೆರಳೆಣಿಕೆಯಷ್ಟು ಮಂದಿ. ಹುಣಸೆ ಮರದ ಕೆಳಗೆ ಕಾಲು ಚಾಚಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ಬೆಟ್ಟದಿಂದ ಇಳಿದು ಬಂದ ಭಕ್ತರು ಅವರ ಮಣ್ಣು ಮೆತ್ತಿದ ಕಾಲನ್ನು ನೋಡುತ್ತ ಹೋಗುತ್ತಿದ್ದರು. ನಾನು ಸೈಕಲ್ ಹತ್ತಿರ ಹೋಗಿ ಮುಂದಿನ ಚಕ್ರ ಎತ್ತಿ ತಿರುಗಿಸಿದೆ. ರಿಮ್ಮಿನಲ್ಲಿ ಒಂದು ಕಡೆ ಸಣ್ಣ ಅಲುಗಾಟ ಇತ್ತು. ಫೋರ್ಕಿನ ಬುಡ ಬೆರಳಿನಿಂದ ಸವರಿದೆ. ಏನೂ ಇರಲಿಲ್ಲ.

ಟೀಚರ್ ನನ್ನನ್ನೇ ನೋಡುತ್ತಿದ್ದರು.

"ರಿಮ್ಮು ಸೊಟ್ಟ ಆಗೈತಾ?" ಎಂದರು.

"ಒಂಚೂರು."

"ಅಂಗೈ ಎಲ್ಡೂ ಸತ್ತೋಗವೆ. ಕಡ್ಲೆಕಾಯಿ ಬಿಡ್ಸಕ್ಕೂ ಬೆರಳು ಕೇಳ್ತಿಲ್ಲ." ಕಡಲೆಕಾಯಿ ಪೊಟ್ಟಣವನ್ನು ನನ್ನ ಕಡೆಗೆ ತಳ್ಳಿದರು. "ಕೂತ್ಕಳಿ ಅಕ್ಕ. ಬುಧವಾರ ರಜೆ ಐತೆ ನಂಗೆ. ಎಷ್ಟೊತ್ಗೆ ಅಂಗಡಿ ತೆಗೀತೀರಾ?"